ಲೆಂಪಿ ಇಳಿಯುವ ಮೈಲಿ

ಅರವತ್ತೆಂಟು, ಕಂಬದ ಮೇಲಿನ ಬಿಳಿ ಅಂಕಿ ರೈಲಿನ ಕಿಟಕಿಯಲ್ಲಿ ಸರಕ್ಕನೆ ಬಂದು ಹೋಯಿತು, ಅಂದರೆ ತೊಂಬತ್ತೊಂದಕ್ಕೆ ಇನ್ನು ಇಪ್ಪತ್ತಮೂರು ಮೈಲಿ, ಲೆಕ್ಕದಲ್ಲಿ ಲೆಂಪಿ ಹರ್ಯು ತಪ್ಪುವವಳಲ್ಲ, ಮಿಶಿಗನ್ನಿನ ಹ್ಯಾನ್‌ಕಾಕ್ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೂತು ಮನೆಮನೆಯ ನಂಬರನ್ನೂ ಬಾಯಿಪಾಠ ಮಾಡಿಕೊಂಡವಳು, ಆದರೂ ಈ ತೊಂಬತ್ತೊಂದು ಎಲ್ಲಿಂದ ಬಂತು ಎಂದು ಕೇಳಿದರೆ ಅವಳ ಹತ್ತಿರವೂ ಉತ್ತರವಿಲ್ಲ. ಬೆಳಿಗ್ಗೆ ಕೆನಡಾದ ಸಡ್‌ಬರಿಯಲ್ಲಿ ದೋಣಿಯನ್ನು ಸಾಮಾನಿನ ಡಬ್ಬಿಗೆ ಏರಿಸುವಾಗ ಕಂಡಕ್ಟರ್ ರೋಸೇರ್ ಟೋಪಿ ಹಿಂದಕ್ಕೆ ತಳ್ಳಿಕೊಂಡು, ಏನಮ್ಮ ಲೆಂಪಿ, ಯಾವ್ ಮೈಲಿಗೆ ಇಳೀತೀರಿ ಈ ಸಲ ಅಂದ, ಅವಳು ಕಣ್ಣು ಮಿಟುಕಿಸದೆ ತೊಂಬತ್ತೊಂದು ಅಂದುಬಿಟ್ಟಳು, ಅವನು ಹುಬ್ಬೇರಿಸಿ ಬರೆದುಕೊಂಡ. ಗೊತ್ತಿಲ್ಲ ಎನ್ನಬಹುದಿತ್ತಲ್ಲ — ಗೊತ್ತಿಲ್ಲ ಎನ್ನುವುದು ಅವಳ ಜಾಯಮಾನದಲ್ಲೇ ಇಲ್ಲ. ಕೆನಡಾದವರು ದೇಶವನ್ನೆಲ್ಲ ಕಿಲೋಮೀಟರಿಗೆ ಬದಲಾಯಿಸಿ ಎಷ್ಟು ಕಾಲವಾದರೂ ಹಳಿಯ ಮೇಲೆ ಮಾತ್ರ ಮೈಲಿಯನ್ನು ಬಿಟ್ಟಿಲ್ಲ, ನನಗೋಸ್ಕರವೇ ಇಟ್ಕೊಂಡಿದಾರೆ ನೋಡು ಎಂದು ಆರ್ವೊಗೆ ಹೇಳಿದ್ದಳು, ಆರ್ವೊ ಹೂಂ ಎಂದಿದ್ದ, ಅವನು ಯಾವುದಕ್ಕೆ ಹೂಂ ಎನ್ನಲಿಲ್ಲ, ಮದುವೆಯಾಗೋಣವಾ ಎಂದು ಅವಳೇ ಕೇಳಿದಾಗಲೂ ಹೂಂ ಎಂದದ್ದಷ್ಟೇ. ಮೈಲಿಯ ವ್ಯವಹಾರವೆಲ್ಲ ಅವನದು, ಗಾಡಿ ಹೊರಟ ಮೇಲೆ ಎದ್ದು ಹೋಗಿ ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿ ಬಂದು ಕೂರುತ್ತಿದ್ದ, ಕೇಳಿದ ಮೈಲಿಯಲ್ಲಿ ನಿಲ್ಲುವ ಎರಡು ಡಬ್ಬಿಯ ಈ ಗಾಡಿ ಕಾಡಿನ ನಡುವೆ ಸರಿಯಾಗಿ ಅವರ ಕೆರೆಯ ಹತ್ತಿರ ನಿಲ್ಲುತ್ತಿತ್ತು, ದೋಣಿ ಇಳಿಯುತ್ತಿತ್ತು, ಗಾಡಿ ಹೋಗುತ್ತಿತ್ತು, ಇಪ್ಪತ್ತೆರಡು ಸೆಪ್ಟೆಂಬರುಗಳು, ಒಂದು ಸಲವೂ ಅವಳು ನಂಬರು ಕೇಳಲಿಲ್ಲ. ಎಪ್ಪತ್ತೊಂದು. ಕಾಡು ಶುರುವಾಗುವ ಮೊದಲೇ ಬಾಯಿಗೆ ಒಂದು ತುಂಡು ಏಲಕ್ಕಿ ಬ್ರೆಡ್ಡು ಹಾಕಿಕೊಳ್ಳಬೇಕಿತ್ತು, ಕಟ್ಟು ಇನ್ನೂ ಬಿಚ್ಚಿಲ್ಲ.

ಕಾಡು ಎಲ್ಲಿದೆ, ಜುಲೈಯ ಬೆಂಕಿ ಎಪ್ಪತ್ತರಿಂದಾಚೆ ಎಲ್ಲವನ್ನೂ ನುಂಗಿದೆ, ಕಪ್ಪು ಕಡ್ಡಿಗಳು, ನಡುನಡುವೆ ನೀರು, ಮತ್ತೆ ಕಪ್ಪು ಕಡ್ಡಿಗಳು, ಪ್ರತಿ ಕೆರೆಯೂ ಅದರ ಹಿಂದಿನ ಕೆರೆಯ ಅವಳಿಯಂತೆ ಇದೆ, ಹೋದ ವರ್ಷ ಇಲ್ಲೊಂದು ಬಾಗಿದ ಪೈನ್ ಮರವಿತ್ತಲ್ಲ, ಇಲ್ಲೇ ಇತ್ತಾ, ಇನ್ನೂ ಮುಂದಾ. ಇರಲಿ, ಮರ ಸುಟ್ಟರೂ ಮಂಚ ಸುಡುವುದಿಲ್ಲ. ಕೆರೆಯ ದಡದ ಬೋಳು ಬಂಡೆಯ ಮೇಲೆ ಕಬ್ಬಿಣದ ಮಂಚವೊಂದು, ಮನೆಯಿಲ್ಲ, ಗೋಡೆಯಿಲ್ಲ, ಹಳಿ ರಿಪೇರಿಯವರ ಗುಡಿಸಲೊಂದು ಯಾವ ಕಾಲದಲ್ಲೋ ಅಲ್ಲಿತ್ತಂತೆ, ಗುಡಿಸಲು ಕೊಳೆತು ಹೋಗಿ ಮಂಚ ಉಳಿಯಿತು, ಮೊದಲನೇ ವರ್ಷ ಆರ್ವೊ ಇಳಿದವನೇ ಬೂಟು ಕಳಚದೆ ಅದರ ಸ್ಪ್ರಿಂಗಿನ ಮೇಲೆ ಮಲಗಿ ಎರಡು ಕೈ ತಲೆಯಡಿ ಇಟ್ಟುಕೊಂಡು, ರೂಮು ಸಿಕ್ತು ಕಣೆ ಅಂದ, ಆ ಮೂರು ದಿನದಲ್ಲಿ ಅವನಾಡಿದ ಅತಿ ಉದ್ದದ ಮಾತು ಅದೇ. ಆಮೇಲೆ ಪ್ರತಿ ವರ್ಷ ಅದೇ, ದೋಣಿ ಇಳಿಸುವ ಮೊದಲು ಮಂಚ. ಈ ವರ್ಷದ ಫೆಬ್ರವರಿಯಲ್ಲಿ ಛಾವಣಿಯ ಹಿಮ ಎಳೆದು ಹಾಕಿ ಒಳಗೆ ಬಂದು ಕಾಫಿ ಕೊಡು ಅಂದವನು ಅವಳು ಲೋಟ ಹಿಡಿದು ತಿರುಗುವಷ್ಟರಲ್ಲಿ ಹೋಗಿಬಿಟ್ಟಿದ್ದ, ಕುರ್ಚಿಯಲ್ಲೇ, ಬೂಟು ಕಳಚದೆ. ಎಪ್ಪತ್ತನಾಲ್ಕು. ಮಗಳು ಕ್ರಿಸ್ಟಾ ಫೋನಿನಲ್ಲಿ ಎಷ್ಟು ಮೆತ್ತಗೆ ಹೇಳಿದಳು, ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚಿತು, ಅಮ್ಮಾ, ಬೇಜಾರು ಮಾಡ್ಕೋಬೇಡ, ನೀನು ಕೆನಡಾ ಸುತ್ತಿದ್ದಲ್ಲ, ಅಪ್ಪ ನಿನ್ನನ್ನ ಸುತ್ತಿಸಿದ್ದು. ಅಂದರೆ ನಾನು ಯಾರು, ಪೆಟ್ಟಿಗೆಯಾ, ಒಂದು ಕೈಯಲ್ಲಿ ಗುಡಾರ, ಇನ್ನೊಂದು ಕೈಯಲ್ಲಿ ಹೆಂಡತಿ? ಇವತ್ತು ಒಬ್ಬಳೇ ಆ ಜಾಗ ಹಿಡಿದು ಇಳಿದರೆ ಕ್ರಿಸ್ಟಾ ಹೇಳಿದ್ದು ಸುಳ್ಳು, ಹಿಡಿಯಲಾಗದಿದ್ದರೆ ನಿಜ, ಇಷ್ಟು ವರ್ಷ ಕಿಟಕಿಯಲ್ಲಿ ಕಂಡದ್ದೆಲ್ಲ ಅವಳದಲ್ಲ, ಅಷ್ಟೇ ವಿಷಯ, ಇದರಲ್ಲಿ ಸುತ್ತಿಬಳಸುವುದು ಏನೂ ಇಲ್ಲ.

ಅವಳದಲ್ಲದೆ ಮತ್ತೆ ಯಾರದು, ಉತ್ತರದ ಚರ್ಚಿಲ್ ಊರಿಗೆ ಹೋಗೋಣ ಎಂದವಳು ಅವಳೇ, ಹೆಪ್ಪುಗಟ್ಟಿದ ಜೌಗಿನ ಮೇಲೆ ಗಾಡಿ ಸೈಕಲ್ಲಿಗಿಂತ ನಿಧಾನ ತೆವಳಿ ಒಂದು ದಿನ ತಡವಾಗಿ ಮುಟ್ಟಿದಾಗ ಡಬ್ಬಿಯವರೆಲ್ಲ ಗೊಣಗಿದರು, ಅವಳಿಗೆ ಮಾತ್ರ ಒಂದು ದಿನ ಪುಕ್ಕಟೆ ಸಿಕ್ಕಿತೆಂದು ಹಿಗ್ಗು, ಪ್ರಿನ್ಸ್ ರೂಪರ್ಟಿನ ದಾರಿಯಲ್ಲಿ ಸಾಲ್ಮನ್ ಮೀನಿನ ನದಿಯ ಪಕ್ಕದಲ್ಲೇ ಇಡೀ ಹಗಲು, ಹ್ಯಾಲಿಫ್ಯಾಕ್ಸಿನ ಗಾಡಿಯಲ್ಲಿ ಬೆಳಗಿನ ಜಾವ ಉಪ್ಪುಗಾಳಿ ಡಬ್ಬಿಯೊಳಗೆ ನುಗ್ಗಿ ಎಬ್ಬಿಸಿದ್ದು, ವಿನಿಪೆಗ್ಗಿನಾಚೆ ಗೋಧಿ ಬಯಲಿನಲ್ಲಿ ಸರಕಿನ ಗಾಡಿಗೆ ದಾರಿ ಬಿಟ್ಟು ಪಕ್ಕದ ಹಳಿಯಲ್ಲಿ ಕೂತು ಇನ್ನೂರ ಹನ್ನೆರಡು ಡಬ್ಬಿ ಎಣಿಸಿದ್ದು, ಕೆನಡಾದಲ್ಲಿ ಸರಕು ಯಜಮಾನ, ಜನ ನೆಂಟರು, ಇದು ಗೊತ್ತಿಲ್ಲದೆ ಕೈಗಡಿಯಾರ ನೋಡುವ ಅಮೆರಿಕದವರನ್ನು ಕಂಡರೆ ಅವಳಿಗೆ ನಗು. ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ಹುಡುಗಿ ಒಂದು ಸಲ ಕೇಳಿದ್ದಳು, ರೈಲಿಗಂತ ಇಷ್ಟು ದೂರ ಬರ್ತೀರಾ, ನಿಮ್ಮಲ್ಲಿ ರೈಲಿಲ್ವಾ, ಇದೆ ಮಗು, ಆದ್ರೆ ನಾನು ಹೇಳಿದ ಕಡೆ ನಿಲ್ಲಲ್ಲ. ಎಪ್ಪತ್ತೊಂಬತ್ತು, ಗಾಡಿ ನಿಂತಿತು, ಈ ಗಾಡಿಯ ಹಳೇ ಪರಿಚಯ ಬರ್ನಡೆಟ್ ಇಳಿಯುವ ಜಾಗ, ಹಿಟ್ಟಿನ ಚೀಲ, ಅಡುಗೆ ಅನಿಲದ ಸಿಲಿಂಡರು, ಹಳಿಯ ಪಕ್ಕ ಕಾಯುತ್ತಿರುವ ಅವಳ ಅಣ್ಣ, ಈ ಕಾಡೇ ಅವರ ತಾತಮುತ್ತಾತಂದಿರ ಮನೆ, ನಂಬರಿನ ಹಂಗೇ ಇಲ್ಲ. ಬರ್ನಡೆಟ್ ಮೆಟ್ಟಿಲಿನಿಂದ ತಿರುಗಿ ನೋಡಿ, ಒಬ್ಳೇ ಹೊರಟ್ಯಾ ಲೆಂಪಿ, ಕರಡಿ ಪಾಡು ನೆನೆಸ್ಕೊಂಡ್ರೆ ನಂಗೆ ಅಯ್ಯೋ ಅನ್ಸುತ್ತೆ, ನಿನ್ನ ಮಾತು ಕೇಳೀ ಕೇಳೀ ಅದೇ ಊರು ಬಿಡುತ್ತೆ ಅಂದಳು. ಮಾತಿನ ಮಲ್ಲಿ ಎಂಬ ಬಿರುದು ಅವಳಿಗೆ ಎಲ್ಲ ಕಡೆ ಇದೆ, ಇರಲಿ, ಕಿಟಕಿಯಲ್ಲಿ ಇಷ್ಟೆಲ್ಲ ಕಾಣುವಾಗ ಸುಮ್ಮನಿರಲು ಅವಳೇನು ಕಂಬವೇ, ನೋಡಿದ್ದನ್ನೆಲ್ಲ ಹೇಳುತ್ತಿದ್ದಳು, ಆರ್ವೊ ಕಣ್ಣು ಅರ್ಧ ಮುಚ್ಚಿ ಕೂತಿರುತ್ತಿದ್ದ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ, ಕೇಳಿಸ್ಕೊಳ್ತಿದೀಯಾ ಎಂದರೆ ಹೂಂ, ನಾನೇನು ಹೇಳಿದೆ ಹೇಳು ಎಂದರೂ ಹೂಂ. ನಲವತ್ತಾರು ವರ್ಷದ ಸಂಸಾರದಲ್ಲಿ ಅವಳಿಗೆ ಅದೊಂದೇ ಕೊರಗು, ಇವನು ನನ್ನ ಮಾತು ಕೇಳಲೇ ಇಲ್ಲ.

ತೊಂಬತ್ತು, ಈಗ ಬೆನ್ನು ನೆಟ್ಟಗೆ, ಗುಡಾರ ಹೆಗಲಿಗೆ, ಮಾಂಸ ಆಲೂಗೆಡ್ಡೆ ತುಂಬಿದ ಪಾಸ್ಟಿಗಳ ಡಬ್ಬ ಕೈಗೆ, ಗಾಡಿ ನಿಧಾನವಾಯಿತು, ನಿಂತಿತು, ರೋಸೇರ್ ಬಾಗಿಲು ತೆಗೆದು ಕೆಳಗೆ ಹಾರಿ ದೋಣಿಯ ಮೂತಿಯನ್ನು ಅರ್ಧ ಹೊರಗೆ ಎಳೆದ. ಜೌಗು. ಹಳಿಯ ಎರಡೂ ಕಡೆ ಕಪ್ಪು ನೀರಿನ ಜೌಗು, ಬಂಡೆಯಿಲ್ಲ, ಕೆರೆಯಿಲ್ಲ, ಮಂಚವಿಲ್ಲ, ಸೊಳ್ಳೆಗಳು ಮಾತ್ರ ಸ್ವಾಗತಕ್ಕೆ ಬಂದಿವೆ. ಇಳಿದುಬಿಡಲೇ ಎಂದು ಒಂದು ಕ್ಷಣ, ಇಳಿದು ಇದೇ ನನ್ನ ಜಾಗ ಎಂದು ಸಾಧಿಸಿ, ಗಾಡಿ ಹೋದ ಮೇಲೆ ಜೌಗಿನ ಬದಿಯಲ್ಲಿ ಮೂರು ದಿನ ಕೂತು, ಹ್ಯಾನ್‌ಕಾಕ್‌ಗೆ ಹೋಗಿ ಅದ್ಭುತವಾಗಿತ್ತು ಎಂದು ಹೇಳಬಹುದು, ಹೇಳಿದರೆ ಎಲ್ಲರೂ ನಂಬುತ್ತಾರೆ, ಅವಳು ಹೇಳಿದರೆ ನಂಬದವರಿಲ್ಲ. ಬಲಗಾಲು ಮೊದಲ ಮೆಟ್ಟಿಲ ಮೇಲಿತ್ತು. ಟೊರಾಂಟೊದ ಗಂಡಹೆಂಡಿರಿಬ್ಬರು ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದರು. ಮಂಚದ ಮೇಲೆ ಆರ್ವೊ ಬೂಟು ಹಾಕಿಕೊಂಡೇ ಮಲಗಿದ್ದಾನೆ, ಎಲ್ಲೋ, ಇಲ್ಲಲ್ಲ. ಇದಲ್ಲ ರೋಸೇರ್, ಅಂದಳು. ಏನಂದ್ರಿ? ಇದಲ್ಲ, ನಂಬರು ನಂಗೆ ಗೊತ್ತಿಲ್ಲ, ಯಾವತ್ತೂ ಗೊತ್ತಿರ್ಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಹೇಳುವಾಗ ಕಿವಿಯವರೆಗೂ ಬಿಸಿಯಾಯಿತು, ಎಪ್ಪತ್ತೊಂದು ವರ್ಷದಲ್ಲಿ ಇಷ್ಟು ಜನರ ಮುಂದೆ ಇಂಥ ಮಾತು ಅವಳು ಆಡಿದ್ದೇ ಇಲ್ಲ.

ರೋಸೇರ್ ನಗಲಿಲ್ಲ, ದೋಣಿಯನ್ನು ಒಳಗೆ ತಳ್ಳಿ ಬಾಗಿಲು ಹಾಕಿ ಡ್ರೈವರಿಗೆ ಹೊರಡಲು ಗಂಟೆ ಕೊಟ್ಟು, ಅವಳ ಎದುರಿನ ಸೀಟಿನಲ್ಲಿ ಬಂದು ಕೂತ, ಬೆಳಿಗ್ಗೇನೇ ಅನ್ಕೊಂಡೆ, ನಂಬರು ಎಲ್ಲಿಂದ ಬಂತಪ್ಪಾ ಅಂತ, ನಿಮ್ಮ ಯಜಮಾನ್ರು ಒಂದು ಸಲಾನೂ ನಂಗೆ ನಂಬರು ಹೇಳಿದವರಲ್ಲ. ಮತ್ತೆ ಪ್ರತಿ ವರ್ಷ ಕಿವಿಯಲ್ಲಿ ಹೇಳುತ್ತಿದ್ದದ್ದು ಏನು? ರೋಸೇರ್ ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ, ಹೇಳಿದ, ಅವರು ಬಂದು, ನಂಬರು ಗಿಂಬರು ನಂಗೊತ್ತಿಲ್ಲ ಕಣಯ್ಯಾ, ನನ್ನ ಹೆಂಡ್ತಿ ಮಾತು ಎಲ್ಲಿ ನಿಲ್ಲುತ್ತೋ ಅಲ್ಲಿ ಗಾಡಿ ನಿಲ್ಲಿಸು, ಅನ್ನೋರು. ಅವರು ಕಿವಿಗೊಟ್ಟು ಕೂತಿರೋರು, ನಿಮ್ಮ ಮಾತು ನಿಂತ ತಕ್ಷಣ ನಂಗೆ ಕೈ ಎತ್ತೋರು, ನಾನು ಗಂಟೆ ಹೊಡೆಯೋದು. ಲೆಂಪಿಗೆ ಮಾತು ಬರಲಿಲ್ಲ ಎಂದಲ್ಲ, ಬಂತು, ನಾಲ್ಕು ಮಾತು ಒಟ್ಟಿಗೇ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಕಣ್ಣು ಅರ್ಧ ಮುಚ್ಚಿ ಕೂತದ್ದು ಅದಕ್ಕಾ, ಮಾತು ನಿಂತದ್ದು ಗೊತ್ತಾಗಬೇಕಾದರೆ ಮಾತನ್ನೆಲ್ಲ ಕೇಳಿಸಿಕೊಂಡಿರಬೇಕಲ್ಲ, ಚರ್ಚಿಲ್ಲಿನ ಬಗ್ಗೆ, ಅಂಚೆ ಕಚೇರಿಯ ಬಗ್ಗೆ, ಅವನ ತಂಗಿಯನ್ನು ಬೈದದ್ದು, ಎಲ್ಲ, ಪ್ರತಿಯೊಂದು, ಇಪ್ಪತ್ತೆರಡು ವರ್ಷ, ಕಳ್ಳ, ಹೂಂ ಎಂದುಕೊಂಡೇ. ನಿನಗಾದರೂ ಗೊತ್ತಿರಬೇಕಲ್ಲ ರೋಸೇರ್, ಎಷ್ಟು ಸಲ ನಿಲ್ಲಿಸಿಲ್ಲ ನೀನು ಎಂದು ಕೇಳಿದಳು. ಹತ್ತು ಮೈಲಿ ಆಚೀಚೆ ಗೊತ್ತು, ಮರ ಇದ್ದಾಗ ಇನ್ನೂ ಚೆನ್ನಾಗ್ ಗೊತ್ತಿತ್ತು, ಈಗ ನೋಡಿ, ಎಲ್ಲ ಒಂದೇ ಮಸಿ, ಅದಕ್ಕೇ ಮಾತಾಡಿ, ನಾನಿಲ್ಲೇ ಕೂತಿರ್ತೀನಿ ಅಂದ. ಏನು ಮಾತಾಡಲಿ? ದೇವರೇ, ನೀವು ಅದನ್ನ ನನ್ನ ಕೇಳ್ತೀರಾ.

ಮಾತಾಡಿದಳು, ತೊಂಬತ್ತನಾಲ್ಕು, ಮಾತಾಡಲು ಅವಳಿಗೆ ಯಾರು ಹೇಳಿಕೊಡಬೇಕು, ಪಾಸ್ಟಿಗೆ ಕ್ಯಾರೆಟ್ ಹಾಕುವವರು ಅಡುಗೆಯ ಜಾತಿಗೇ ಸೇರಿದವರಲ್ಲ ಎಂದಳು, ಕ್ರಿಸ್ಟಾಗೆ ಎರಡನೇ ತರಗತಿಯಲ್ಲಿ ಭೂಪಟ ಓದಲು ಕಲಿಸಿದವಳು ನಾನು ಎಂದಳು, ಮುಂದಿನ ಜೂನಿನಲ್ಲಿ ಜಾಸ್ಪರಿನ ಗಾಡಿ, ಒಬ್ಬಳೇ, ಕಿಟಕಿ ಪಕ್ಕದ ಸೀಟು, ಎದುರು ಯಾರು ಕೂತರೂ ಅವರ ಪುಣ್ಯ, ತೊಂಬತ್ತೇಳು, ರೋಸೇರ್ ಕಾಗದದ ಮೇಲೆ ಪೆನ್ನು ಹಿಡಿದು ಬರೆಯುವವನಂತೆ ಕೂತಿದ್ದ, ಬರೆಯುತ್ತಿರಲಿಲ್ಲ, ಕಣ್ಣು ಅರ್ಧ ಮುಚ್ಚಿತ್ತು, ಓ ಹೀಗೆ, ಹೀಗೆಯೇ ಅಲ್ಲವೇ ಅವನು ಕೂರುತ್ತಿದ್ದದ್ದು, ಮೊದಲ ಸಲ ಈ ಗಾಡಿ ಹತ್ತಿದಾಗ ನನಗೆ ನಲವತ್ತೊಂಬತ್ತು ರೋಸೇರ್, ದೋಣಿಗೆ ಬಣ್ಣ ಹಚ್ಚಿ ಎರಡೇ ದಿನವಾಗಿತ್ತು, ನನ್ನ ಅಂಗಿಗೆಲ್ಲ ಹಸಿರು ಮೆತ್ತಿಕೊಂಡು, ನಾನು ಬಯ್ಯುತ್ತಲೇ ಇದ್ದೆ, ಅವನು ಬಣ್ಣ ಒಣಗಿದೆ ಅಂದಿದ್ದ, ಒಣಗಿರಲಿಲ್ಲ, ತೊಂಬತ್ತೆಂಟು ದಾಟಿತು, ಬಂಡೆ ಸೀಳಿದ ದಾರಿ, ಎರಡೂ ಕಡೆ ಕಲ್ಲು, ಡಬ್ಬಿಯೊಳಗೆ ಕತ್ತಲು ಬಂದು ಹೋಯಿತು, ಇಂಥ ಕಡೆ ಕಿವಿ ಗುಂಯ್ ಎನ್ನುತ್ತೆ ನೋಡು, ನಾನು ಆಗೆಲ್ಲ ಜೋರಾಗಿ ಮಾತಾಡ್ತೀನಿ, ಅವತ್ತೂ ಜೋರಾಗೇ ಹೇಳ್ತಿದ್ದೆ, ಈ ಅಂಗಿ ಇನ್ನು ನೆಲ ಒರೆಸೋಕೂ ಬರಲ್ಲ ಅಂತ, ಎಡಕ್ಕೆ ಬೆಳಕು, ನೀರು, ಪೊದೆಯೆಲ್ಲ ಸುಟ್ಟು ದಡ ಬಟಾಬಯಲು, ಬೋಳು ಬಂಡೆ, ಮಂಚ

ರೋಸೇರ್ ಗಂಟೆ ಹೊಡೆದ, ಮಂಚ, ಅದರ ಮೇಲೆ ಯಾರೂ ಇಲ್ಲ