ಹಿತ್ತಿಲ ಪತ್ರೆ

ನನ್ನ ತಂಗಿ ಸರ್ವಮಂಗಳಾ ಲಿಂಗೈಕ್ಯಳಾದ ಸುದ್ದಿ ನಂಜನಗೂಡಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಆ ಕಾಲಕ್ಕೆ ನಮ್ಮ ಮನೆಯಲ್ಲಿ ಫೋನು ಇರಲಿಲ್ಲ. ಪಕ್ಕದ ಮನೆಯ ಹೇಮಲತಾ ಬಾಗಿಲಿಗೆ ಬಂದು ನಿಂತಳು. ಅವಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವವಳು. ನಾನು ಪೂಜೆಗೆ ಕುಳಿತಿದ್ದೆ, ಅಂಗೈಯಲ್ಲಿ ಲಿಂಗವಿತ್ತು. ಅವಳು ಒಳಗೂ ಬರಲಿಲ್ಲ, ತಿರುಗಿಯೂ ಹೋಗಲಿಲ್ಲ. ನಾನು ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯಲ್ಲಿಡುವ ತನಕ ಕಾದಳು.

“ನರಸೀಪುರದಿಂದ ದೇವಯ್ಯನೋರು ಫೋನ್ ಮಾಡಿದ್ರು ತಾತ” ಎಂದಳು. ದೇವಯ್ಯ ನನ್ನ ತಂಗಿಯ ಗಂಡ. ಅವಳು ಉಳಿದದ್ದನ್ನು ಹೇಳುವ ಮೊದಲೇ ನಾನು ಅಂಗಿ ಹುಡುಕಲು ಎದ್ದಿದ್ದೆ.

ಬಸ್‌ಸ್ಟ್ಯಾಂಡಿನಲ್ಲಿ ತಾಂಡ್ಯದ ಕಾರ್ಖಾನೆಗೆ ಹೋಗುವವರ ನೂಕುನುಗ್ಗಲು. ನರಸೀಪುರದ ಬಸ್ಸು ಸಿಕ್ಕಿ ನಾನು ಮುಟ್ಟುವ ವೇಳೆಗೆ ತೋಟದಲ್ಲಿ ಗುಂಡಿ ತೆಗೆದಾಗಿತ್ತು. ನಮ್ಮಲ್ಲಿ ಸುಡುವುದಿಲ್ಲ. ಕುಳ್ಳಿರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಮತ್ತು ಬಿಲ್ವಪತ್ರೆಯಲ್ಲಿ ಮುಚ್ಚಿ ಮಣ್ಣು ಕೊಡುತ್ತೇವೆ. ಪತ್ರೆ ಎಲ್ಲಿಂದ ತರುವುದು ಎಂಬ ಮಾತು ಬಂದಾಗ ದೇವಯ್ಯ, “ಇತ್ತಿಲಲ್ಲೇ ಐತಲ್ಲ, ಅವಳೇ ಬೆಳೆಸಿದ್ದು” ಎಂದರು. ಯಾರೋ ಹೋಗಿ ಆ ಗಿಡವನ್ನು ಬೋಳಿಸಿ ಎರಡು ಮೊರ ಎಲೆ ತಂದರು.

ಆ ಸಸಿಯನ್ನು ಸರ್ವಮಂಗಳಾ ತಲಕಾಡಿಗೆ ಹೋಗಿದ್ದಾಗ ತಂಗಿದ್ದ ಮನೆಯ ಬೇಲಿಯ ಪಕ್ಕದಿಂದ ಕಿತ್ತು ತಂದಿದ್ದಳು. ಮೂರೆಲೆ, ಬುಡದಲ್ಲಿ ಮುಳ್ಳು, ಸಾಲದ್ದಕ್ಕೆ ಶಿವನ ಊರಾದ ತಲಕಾಡಿನ ಮಣ್ಣಿನದು. ಪತ್ರೆಯಲ್ಲದೆ ಮತ್ತೇನಿರಲು ಸಾಧ್ಯ? ಅದು ಮರವಾಗದೆ ಎದೆಯೆತ್ತರಕ್ಕೇ ನಿಂತಾಗ ಜಾಗದ ದೋಷವೆಂದರು. ದಿನವೂ ಅದರ ಎಲೆಯಿಂದಲೇ ಅವಳ ಲಿಂಗಪೂಜೆ. ಪೂಜೆಯಾಗದೆ ಅವಳು ಒಂದು ಗುಟುಕು ನೀರು ಕುಡಿದವಳಲ್ಲ.

ಗುಂಡಿಯಲ್ಲಿ ಕುಳ್ಳಿರಿಸಿದ್ದ ಅವಳ ಎದೆಯ ಮಟ್ಟಕ್ಕೆ ಎಲೆಗಳು ಬಂದಿದ್ದವು. ದೇವಯ್ಯನ ಅಕ್ಕ ಗುರುಸಿದ್ದಮ್ಮ ಮೊರದಿಂದ ಒಂದು ಎಲೆ ಎತ್ತಿಕೊಂಡು ಮೂಸಿ, ನನ್ನ ಪಕ್ಕಕ್ಕೆ ಸರಿದರು.

“ಅಣ್ಣಾ, ಇದು ಪತ್ರೆ ಅಲ್ಲ ಕಣಣ್ಣ. ನಿಂಬೆಕಾಯಿ ವಾಸ್ನೆ ಒಡೀತದೆ.”

“ಸುಮ್ನಿರು ತಾಯಿ” ಎಂದೆ. ಮಣ್ಣು ಬಿದ್ದಿತು. ಆದರೆ ಮನೆಗೆ ಮರಳುವಾಗ ಆ ಗಿಡದಲ್ಲಿ ಎಲೆ ಉಳಿದಿದ್ದ ಒಂದು ರೆಂಬೆಯನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನನ್ನ ತಂಗಿ ಯಾವ ಎಲೆಯಲ್ಲಿ ಕುಳಿತಿದ್ದಾಳೆ? ಇಷ್ಟು ವರ್ಷ ಅವಳು ಲಿಂಗಕ್ಕೆ ಏರಿಸಿದ್ದೇನು? ಕಪಿಲೆಯ ದಡಕ್ಕೆ ಹೋಗಿ ನಿಜವಾದ ಪತ್ರೆಯ ಒಂದು ಕಡ್ಡಿ ತಂದು ಎರಡನ್ನೂ ಮಣೆಯ ಮೇಲೆ ಅಕ್ಕಪಕ್ಕ ಇಟ್ಟೆ. ಪತ್ರೆಯಲ್ಲಿ ನಡುವಿನ ಎಲೆಗೆ ಉದ್ದನೆಯ ತೊಟ್ಟು, ತುದಿ ಚೂಪು. ತಂಗಿಯ ಗಿಡದಲ್ಲಿ ಮೂರೂ ಎಲೆಗಳು ಒಂದೇ ಬುಡಕ್ಕೆ ಅಂಟಿಕೊಂಡಂತಿದ್ದವು. ತುದಿ ಮೊಂಡು, ಅದರಲ್ಲಿ ಉಗುರಿನಿಂದ ಚಿವುಟಿದಂಥ ಸಣ್ಣ ಕಚ್ಚು. ಬೇರೆ ಎಂದು ನನ್ನ ಕಣ್ಣಿಗೇ ಕಂಡಿತು. ಆದರೂ ಪತ್ರೆಯಲ್ಲಿಯೇ ಮತ್ತೊಂದು ಜಾತಿ ಇರಬಾರದೇಕೆ ಎಂದುಕೊಂಡೆ. ತೆಗೆದಿಟ್ಟೆ, ಮತ್ತೆ ತಂದು ನೋಡಿದೆ. ಕೊನೆಗೆ ಹೇಮಲತಾಳ ಮನೆಗೆ ಹೋದೆ.

ಅವಳು ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಹೂವಿತ್ತಾ ತಾತ? ಕಾಯಿ?”

“ಯಾವತ್ತೂ ಬಿಟ್ಟಿಲ್ಲವಂತೆ.”

“ಹೂವಿಲ್ಲದೆ ಹೆಸರು ಹೇಳೋದು ನಮಗೂ ಕಷ್ಟ. ಜಾತಕ ಇಲ್ಲದೆ ಹೆಣ್ಣು ಕೇಳಿದ ಹಾಗೆ” ಎಂದು ನಕ್ಕವಳು, ನನ್ನ ಮುಖ ನೋಡಿ ನಿಲ್ಲಿಸಿದಳು. ರೆಂಬೆಯ ಮೇಲೆ ಬೆರಳಾಡಿಸಿದಳು. ಎಲೆ ಕಿತ್ತ ಗುರುತುಗಳು ಒತ್ತೊತ್ತಾಗಿ, ಗಂಟುಗಂಟಾಗಿ ಇದ್ದವು. “ಇದನ್ನ ಯಾರೋ ದಿನಾ ಚಿವುಟಿದಾರೆ. ಚಿಗುರು ಉಳಿದಿದ್ರೆ ತಾನೆ ಹೂವು ಬಿಡೋದು? ಅದಕ್ಕೇ ಗಿಡ ಎತ್ತರ ಹೋಗಿಲ್ಲ.”

“ಪತ್ರೆಯೋ ಅಲ್ಲವೋ, ಅಷ್ಟು ಹೇಳಮ್ಮ.”

“ಅಲ್ಲ ತಾತ. ನಿಂಬೆಯ ಬಳಗದ ಒಂದು ಪೊದೆ. ತೋಟದ ಬೇಲಿಗೆ ಹಾಕ್ತಾರೆ. ಪತ್ರೆಗೂ ಇದಕ್ಕೂ ದೂರದ ನಂಟಸ್ತನ ಇದೆ, ಅಷ್ಟೆ.”

“ಪೂಜೆಗೆ ಬರ್ತದೋ?”

“ಅದು ನನ್ನ ಪುಸ್ತಕದಲ್ಲಿಲ್ಲ” ಎಂದಳು ಮೆಲ್ಲಗೆ.

ತಂಗಿಯ ಹೆಸರಿನಲ್ಲಿ ಜಂಗಮರಿಗೆ ಉಣಬಡಿಸುವ ಗಣಾರಾಧನೆಯ ಹಿಂದಿನ ದಿನ ನರಸೀಪುರಕ್ಕೆ ಹೊರಟೆ. ಆರಾಧನೆಗೆ ಮೊದಲು ಸಮಾಧಿಯ ಗದ್ದುಗೆಯ ಪಕ್ಕದಲ್ಲಿ ಪತ್ರೆಯ ಸಸಿ ನೆಡುವುದು ಅವರ ಮನೆಯ ಪದ್ಧತಿ. ದೇವಯ್ಯ ನೆಡುವುದು ಯಾವ ಗಿಡವೆಂದು ಹೇಳಬೇಕಾಗಿರಲಿಲ್ಲ. ನಾನು ಮಠದ ತೋಟದಿಂದ ಒಂದು ನಿಜವಾದ ಪತ್ರೆಯ ಸಸಿ ಬೇಡಿ ತಂದು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. “ಸಾಮ್ಯೋರೆ, ಗಿಡಕ್ಕೆ ಆಫ್ ಟಿಕೆಟ್ಟಾ, ಫುಲ್ಲಾ?” ಎಂದ ಕಂಡಕ್ಟರ್. ನನ್ನೊಬ್ಬನ ಟಿಕೆಟ್ಟಿನ ದುಡ್ಡು ಕೊಟ್ಟೆ. ಹೇಳುವುದೋ ಬಿಡುವುದೋ ಎಂದು ದಾರಿಯುದ್ದಕ್ಕೂ ಮನಸ್ಸು ಹೊಯ್ದಾಡಿತು. ಹೇಳದಿದ್ದರೆ ಸುಳ್ಳಿಗೆ ನೀರೆರೆದಂತೆ. ಹೇಳಿದರೆ ಆ ಮನುಷ್ಯನ ಗತಿಯೇನು?

ದೇವಯ್ಯ ತೋಟದಲ್ಲಿದ್ದರು. ಸಸಿಗೆ ತಾವೇ ಗುಂಡಿ ತೋಡಿದ್ದರು. ಹಿತ್ತಿಲ ಗಿಡದ ಬುಡದಲ್ಲಿ ಒಡೆದಿದ್ದ ಒಂದು ಮರಿಯನ್ನು ಬೇರು ಸಹಿತ ಎಬ್ಬಿಸಿ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ನನ್ನ ಕೈಯಲ್ಲಿದ್ದ ಸಸಿಯನ್ನು ನೋಡಿದರು.

“ಅಕ್ಕ ಏಳ್ದಳು, ನೀವು ರೆಂಬೆ ತಗೊಂಡು ಓದ್ರಿ ಅಂತ. ತಿಳ್ದೋರು ಏನಂದ್ರು ಭಾವ?”

“ಪತ್ರೆ ಅಲ್ಲವಂತೆ ದೇವಯ್ಯ. ಬೇಲಿ ಗಿಡವಂತೆ.”

ಅವರು ಗುಂಡಿಯ ಅಂಚಿನ ಮಣ್ಣನ್ನು ಕಾಲಿನಿಂದ ಸರಿಸಿದರು.

“ನಾನು ಯಾವತ್ತೂ ಪೂಜೆಗೆ ಕೂತೋನಲ್ಲ, ನಿಮ್ಗೇ ಗೊತ್ತು” ಎಂದರು. “ಈ ಸಂತೆ ಆ ಸಂತೆ ಅಂತ ತಿರುಗ್ದೋನು. ಅವಳು ಕಾಯಿಲೆ ಬಿದ್ದು ಮಲಗಿದ ಮೇಲೆ ಕೈ ನಡುಗೋದು, ಎದ್ದು ಇತ್ತಿಲಿಗೆ ಓಗಕ್ಕಾಗ್ತಿರ್ಲಿಲ್ಲ. ದಿನಾ ಬೆಳಿಗ್ಗೆ ನಾನೇ ಮಿಂದು, ಎಲೆ ಕಿತ್ತು, ತೊಳ್ದು ಅವಳ ಕೈಗೆ ಕೊಟ್ಟೆ. ಮುಳ್ಳು ಚುಚ್ಚಿಸ್ಕೊಂಡು ಕೊಟ್ಟೆ. ನನ್ನ ಜಲ್ಮದಲ್ಲಿ ನಾನು ಮಾಡಿದ್ದು ಅಷ್ಟೇ ಪೂಜೆ ಭಾವ. ಅದೂ ಇಲ್ಲ ಅಂತ ಏಳಕ್ಕೆ ಬಸ್ಸತ್ತಿ ಬಂದ್ರಾ?”

ಶಾಸ್ತ್ರದ ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ಆಡಿದ್ದರೆ ಸರಿಯಾದ ಮಾತೇ ಆಗುತ್ತಿತ್ತು.

“ನಿಮ್ಮ ಗಿಡಾನೇ ನೆಡಿ, ನಾನು ಬ್ಯಾಡ ಅನ್ನಲ್ಲ” ಎಂದರು ಅವರು. ಸ್ವರದಲ್ಲಿ ಸಿಟ್ಟಿರಲಿಲ್ಲ. ಗೋಣಿಚೀಲವನ್ನು ಬದಿಗೆ ಸರಿಸಿ ಎರಡು ಹೆಜ್ಜೆ ಹಿಂದಕ್ಕೆ ನಿಂತರು.

ಗುಂಡಿ ಖಾಲಿಯಿತ್ತು. ಮಠದ ಸಸಿ ನನ್ನ ಕೈಯಲ್ಲಿತ್ತು. ಅದನ್ನು ಇಳಿಸಲು ಬಗ್ಗಿದೆ, ಆದರೆ ಕೈ ಬಿಡಲಾಗಲಿಲ್ಲ. ಇದಕ್ಕೆ ಈ ಮನುಷ್ಯ ನೀರು ಹಾಕಿಯಾರು, ಹಾಕದೆ ಇರುವವರಲ್ಲ. ಆದರೆ ಮುಟ್ಟಿ ನೋಡಲಾರರು. ನಾನು ಅದನ್ನು ಬದಿಗಿಟ್ಟು ಗೋಣಿಚೀಲ ಬಿಚ್ಚಿ ಹಿತ್ತಿಲ ಮರಿಯನ್ನು ಗುಂಡಿಗಿಳಿಸಿದೆ.

“ಮಣ್ಣು ಎಳೀರಿ ದೇವಯ್ಯ.”

ಅವರು ನನ್ನನ್ನು ನೋಡಲಿಲ್ಲ. ಸನಿಕೆ ತೆಗೆದುಕೊಂಡರು. “ನೆಟ್ಟಗೆ ಇಡ್ಕಳಿ ಭಾವ, ಓರೆ ಆಯ್ತದೆ.”

ಹಿಡಿದುಕೊಂಡೆ. ಅಂಗೈಗೆ ಮುಳ್ಳು ತಾಗಿತು. ಮಾಡಿದ್ದು ಸರಿಯೆಂದು ನನಗೆ ಆಗಲೂ ಅನಿಸಲಿಲ್ಲ, ಇಂದಿಗೂ ಅನಿಸಿಲ್ಲ. ಅವರು ಮಣ್ಣು ತುಳಿದು ಕೊಡಪಾನದ ನೀರು ಸುರಿಯುವಾಗ ಪಂಚಾಕ್ಷರಿ ಹೇಳಲು ಹೋದೆ. ಬಾಯಿಗೆ ಬಂದದ್ದು ಇಷ್ಟೇ:

ಶಿವನೇ, ಅವಳು ಕೊಟ್ಟದ್ದನ್ನು ನೀನು ಏನೆಂದು ತೆಗೆದುಕೊಂಡೆಯೋ ನಾನು ಅರಿಯೆ. ಅವಳು ಪತ್ರೆಯೆಂದೇ ಕೊಟ್ಟಳು. ಇವರೂ ಹಾಗೆಂದೇ ಕಿತ್ತುಕೊಟ್ಟರು. ತಪ್ಪಿದ್ದರೆ ಕಂಡುಹಿಡಿದ ನನ್ನ ಲೆಕ್ಕಕ್ಕೆ ಇರಲಿ, ಅವಳದಕ್ಕೆ ಬೇಡ. ನನ್ನ ತಂಗಿ ಸರ್ವಮಂಗಳೆಯನ್ನು ನಿನ್ನ ಪಾದದಲ್ಲಿ ಇಟ್ಟುಕೋ. ಅವಳ ಆತ್ಮಕ್ಕೆ ಶಾಂತಿ ಕೊಡು.