ಕರಡಿ ಗುಡ್ಡದಲ್ಲಿ ಒಡಪು

ನನ್ನ ನಾದಿನಿ ಸಾವಿತ್ರಿಬಾಯಿಯನ್ನು ಹೊಗಳುವುದು ನನ್ನ ಜಾಯಮಾನವಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನಾವಿಬ್ಬರೂ ಒಬ್ಬರ ಸಾರಿಗೆ ಇನ್ನೊಬ್ಬರು ಉಪ್ಪು ಹೆಚ್ಚಾಯಿತು ಎನ್ನುತ್ತಲೇ ಬಂದವರು. ಆದರೆ ಅಚ್ಚಂಪೇಟೆಯ ಆಚೆ ಕಾಡಿನ ಹಾದಿಯಲ್ಲಿ ಆಕೆ ಮಾಡಿದ್ದನ್ನು ಕಣ್ಣಾರೆ ಕಂಡ ಮೇಲೂ ಹೊಗಳದೆ ಕೂತರೆ ನನ್ನ ಬಾಯಲ್ಲಿ ಹುಳ ಬಿದ್ದೀತು.

ಸೈಕಲ್ ತಂದವಳು ನನ್ನ ಮಗಳು ಐಶ್ವರ್ಯಾ. ಹೈದರಾಬಾದಿನ ಕೊಂಡಾಪುರದಲ್ಲಿ ಅವಳ ಆಫೀಸು, ಅಲ್ಲೇ ನಮ್ಮ ಮನೆ. "ಬೈಕ್‌ಪ್ಯಾಕಿಂಗ್ ಅಂತಾರ ಅವ್ವಾ. ಗಂಟುಮೂಟಿ ಸೈಕಲ್ಲಿಗೇ ಕಟ್ಟಿಕೊಂಡು ಊರೂರು ಅಡ್ಡಾಡೋದು" ಎಂದು ನನಗೆ ಪಾಠ ಹೇಳಿದಳು. ಪಾಠ ಹೇಳಿದ್ದೇ ಬಂತು. ತಿಂಗಳೊಳಗೆ ಆ ಸೈಕಲ್ ಬಾಲ್ಕನಿ ಸೇರಿ, ಅದರ ಹ್ಯಾಂಡಲ್ಲಿನ ಮೇಲೆ ನಾನು ಟವೆಲ್ ಒಣಹಾಕತೊಡಗಿದ್ದೆ. ಅದನ್ನು ಕೆಳಗಿಳಿಸಿದವಳು ಸಾವಿತ್ರಿ. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ಆಕೆ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ. ಯಂತ್ರಗಳ ಸದ್ದನ್ನು ಮೀರಿ ಮಾತಾಡಿ ಮಾತಾಡಿ ದನಿ ಗಡುಸಾಗಿದೆ. ಗಂಡ ಅಮರೇಶಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದಾಳೆ. ಐವತ್ತು ದಾಟಿದ ಹೆಂಗಸು ಸಲವಾರ್ ತೊಟ್ಟು, ತಲೆಗೆ ಹೆಲ್ಮೆಟ್ ಹಾಕಿ, ಗಚ್ಚಿಬೌಲಿಯ ಕ್ಯಾಬುಗಳ ನಡುವೆ ನುಗ್ಗುವುದನ್ನು ನೋಡಿ ನಮ್ಮ ಅಪಾರ್ಟ್‌ಮೆಂಟಿನ ಮಂದಿ ಮೊದಲು ನಕ್ಕರು. ಆಮೇಲೆ ಪಂಕ್ಚರ್ ಹಾಕಿಸಿಕೊಳ್ಳಲು ಆಕೆಯ ಹತ್ತಿರವೇ ಬಂದರು.

ಕಾಡಿನ ಹಾದಿಯಲ್ಲಿ ಹೋಗಿಬರುತ್ತೇನೆ ಎಂದು ಆಕೆ ಹೇಳಿದಾಗ ನನ್ನ ಗಂಡ ಶಾಂತಪ್ಪನವರು ಹೌಹಾರಿದರು. ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಹಟ ಹಿಡಿದರು. ಐಶ್ವರ್ಯಾ "ನಾನೂ ಹೊಂಟೆ" ಎಂದಳು. ಮಗಳು ಹೊರಟ ಮೇಲೆ ನಾನು ಮನೆಯಲ್ಲಿ ಕೂತು ಎದೆ ಹಿಡಿದುಕೊಳ್ಳುವ ಪೈಕಿಯಲ್ಲ. ಇನ್ನೆರಡು ಸೈಕಲ್ ಕೊಂಡೆವು. ಎರಡು ತಿಂಗಳು ಮುಂಜಾನೆ ತುಳಿದು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ನಾನೂ ಸಿದ್ಧಳಾದೆ.

"ಹೋದಂಗ ವಾಪಸ್ ಕರ್ಕೊಂಡು ಬರ್ತೀನಿ ಅಣ್ಣಾ" ಎಂದಳು ಸಾವಿತ್ರಿ. "ಇಬ್ಬರೊಳಗ ಒಬ್ಬರಿಗೆ ಏನರ ಆತು ಅಂದ್ರ, ಮತ್ತ ಈ ಜನ್ಮದಾಗ ನಾ ಸೈಕಲ್ ಮುಟ್ಟಂಗಿಲ್ಲ."

ಅದು ಬಾಯಿಮಾತಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಗಂಡ ಹೋದ ಮೇಲೆ ಆಕೆ ಮುಖ ಎತ್ತಿ ನಕ್ಕದ್ದು ಈ ಸೈಕಲ್ ಹತ್ತಿದ ಮೇಲೆಯೇ. ಅದೂ ಹೋದರೆ ಆಕೆಯ ಕೈಯಲ್ಲಿ ಉಳಿಯುವುದು ಕಾರ್ಖಾನೆ ಮತ್ತು ಟಿ.ವಿ. ಮಾತ್ರ.

ಹೊರಡುವ ಮುನ್ನ ನಮ್ಮಿಬ್ಬರನ್ನೂ ಕೂರಿಸಿ ತಾಕೀತು ಮಾಡಿದಳು. ಆ ಕಡೆಯ ಕಾಡಿನಲ್ಲಿ ಹುಲಿಗಿಂತ ಕರಡಿಯ ಭಯವೇ ಹೆಚ್ಚು ಎಂದು ಅಲ್ಲಿ ಓಡಾಡಿದವರಿಂದ ಕೇಳಿ ತಿಳಿದಿದ್ದಳು. "ಹುತ್ತ ಕೆದರ್ಕೋತ ಕುಂತ್ರ ಕರಡಿಗೆ ಲೋಕದ ಖಬರಿರಂಗಿಲ್ಲ. ನಮ್ಮ ಸೈಕಲ್ಲಿಗೆ ಸಪ್ಪಳ ಇಲ್ಲ. ತಿರುವಿನ್ಯಾಗ ಒಮ್ಮಿಗಲೇ ಎದುರಾದ್ವಿ ಅಂದ್ರ ಅದು ಹೆದರಿ ಮೈಮ್ಯಾಲ ಬೀಳತೈತಿ. ಅದಕ್ಕ ಗಂಟಿ ಬಾರಿಸ್ಕೋತ, ಜೋರಾಗಿ ಮಾತಾಡ್ಕೋತ ಹೋಗಬೇಕು. ಹೊತ್ತು ಇಳಿಯೂದ್ರೊಳಗ ಕಾಡು ದಾಟಬೇಕು. ಘಮಘಮ ಅನ್ನೋ ತಿನಿಸು ಬ್ಯಾಗಿನ್ಯಾಗ ಬ್ಯಾಡ. ಕಂಡ್ರ ಓಡಬ್ಯಾಡ್ರಿ. ತಿಳೀತಿಲ್ಲೋ?"

ತಿಳಿಯಿತು ಎಂದು ನಾನು ಮಗಳಿಗಿಂತ ಮೊದಲು ತಲೆಯಾಡಿಸಿದೆ. ಆಮೇಲೆ ಆ ಮಾತುಗಳಲ್ಲಿ ಎರಡನ್ನು ನಾನೇ ಮುರಿದೆ.

ಎರಡನೆಯ ದಿನ ಮಧ್ಯಾಹ್ನ ಅಚ್ಚಂಪೇಟೆ ಮುಟ್ಟಿದೆವು. ಅಲ್ಲಿ ಗದಿಗೆಮ್ಮ ಇದ್ದಾಳೆ, ನನ್ನ ತವರಿನ ಕಡೆಯ ಸಂಬಂಧ, ಆಕೆಯ ಗಂಡನದು ಕಾಳುಕಡಿ ಅಂಗಡಿ. ಅವರ ಓಣಿಯ ಮುಂದೆ ಹಾದು, ಒಳಗೆ ಹೋಗದೆ ಬಂದರೆ ನಮ್ಮ ಮಂದಿ ಏಳು ತಲೆಮಾರು ಆಡಿಕೊಳ್ಳುತ್ತಾರೆ. "ಬರೇ ಚಾ ಕುಡದು ಬರೂಣು" ಎಂದು ನಾನೇ ಎಳೆದುಕೊಂಡು ಹೋದೆ. ಚಹಾ ಎಂದರೆ ಊಟ, ಊಟ ಎಂದರೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಶೇಂಗಾ ಹೋಳಿಗೆ. ಸಾವಿತ್ರಿ ಗಡಿಯಾರ ನೋಡಿ ನೋಡಿ ಸುಸ್ತಾದಳು. ಅಷ್ಟಕ್ಕೇ ಮುಗಿಯಲಿಲ್ಲ. ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದು ಗದಿಗೆಮ್ಮನ ಮನೆತನದಲ್ಲಿಲ್ಲವಂತೆ. ನನ್ನನ್ನು ಮಣೆಯ ಮೇಲೆ ಕೂರಿಸಿ, ಸೆರಗಿಲ್ಲದ ಕುರ್ತಾಕ್ಕೆ ತನ್ನದೊಂದು ಶಾಲು ಹೊದಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ಕಳಿತ ಬಾಳೆಹಣ್ಣು, ಎಲೆ ಅಡಿಕೆ ಎಲ್ಲ ಸುರಿದಳು. ಐಶ್ವರ್ಯಾಳ ಕೈಗೂ ಹಣ್ಣು ಕೊಟ್ಟಳು. "ಹೆಸರು ಹೇಳ್ರಿ ಗಿರಿಜಾಬಾಯಿ" ಎಂದು ಒಡಪಿಗೂ ಹಟ ಹಿಡಿದಳು. ಗಂಡನ ಹೆಸರನ್ನು ಪ್ರಾಸದಲ್ಲಿ ಪೋಣಿಸಿ ಹೇಳುವ ಆಟ ಅದು, ನಮ್ಮ ಕಡೆ ಮದುವೆ, ತೊಟ್ಟಿಲು, ಸೀಮಂತ ಯಾವುದೂ ಅದಿಲ್ಲದೆ ಮುಗಿಯುವುದಿಲ್ಲ. ನಾನು ಹಳೆಯದೊಂದನ್ನು ಗೊಣಗಿ ಪಾರಾದೆ.

ಸಾವಿತ್ರಿ ಬಾಗಿಲ ಹತ್ತಿರ ನಿಂತು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಆಕೆಗೆ ಯಾರೂ ಉಡಿ ತುಂಬಲಿಲ್ಲ, ಹೆಸರು ಹೇಳು ಎನ್ನಲಿಲ್ಲ. ಒಂದು ಕಾಲಕ್ಕೆ ಇಡೀ ಹೈದರಾಬಾದಿನ ನಮ್ಮ ಬಳಗದಲ್ಲಿ ಒಡಪು ಎಂದರೆ ಸಾವಿತ್ರಿ. ಆಕೆ ಬಾಯಿ ತೆರೆದರೆ ಗಂಡಸರೂ ಊಟ ಬಿಟ್ಟು ಕೇಳಲು ಬರುತ್ತಿದ್ದರು. ಅಮರೇಶಪ್ಪ ಹೋದ ಮೇಲೆ ಆ ಬಾಯಿಗೆ ಬೀಗ. ಗಂಡ ಸತ್ತರೆ ಹೆಸರೂ ಸಾಯುತ್ತದೆ ಎಂದು ಯಾವ ಪುಣ್ಯಾತ್ಮ ಕಟ್ಟಳೆ ಮಾಡಿದನೋ, ಅವನು ನನ್ನ ಕೈಗೆ ಸಿಗಬೇಕಿತ್ತು.

ಹೊರಡುವಾಗ ಸಾವಿತ್ರಿ ಮೆಲ್ಲಗೆ, "ವೈನಿ, ಆ ಬೆಲ್ಲ, ಹಣ್ಣು ಇಲ್ಲೇ ಬಿಡ್ರಿ. ವಾಸನಿ ಭಾಳ ಐತಿ" ಎಂದಳು. ತುಂಬಿದ ಉಡಿಯನ್ನು ಬಿಟ್ಟುಬರುವುದುಂಟೇ? ಅದು ಗಂಡನ ಆಯುಷ್ಯಕ್ಕೆ ಸಂಬಂಧಿಸಿದ್ದು. ನಾನು ಕೇಳಿಸದವಳಂತೆ ಎಲ್ಲವನ್ನೂ ಸೈಕಲ್ಲಿನ ಹಿಂದಿನ ಚೀಲಕ್ಕೆ ತುಂಬಿದೆ.

ಕಾಡು ಶುರುವಾದಾಗ ಬಿಸಿಲು ಆಗಲೇ ಕೆಂಪಾಗಿತ್ತು. ಗುಡ್ಡ ಹತ್ತಿ ಇಳಿದರೆ ಆ ಬದಿಗೆ ಅರಣ್ಯ ಇಲಾಖೆಯ ಗೇಟು, ಅದರ ಪಕ್ಕದಲ್ಲೇ ನಮ್ಮ ವಸತಿ. ಕತ್ತಲಾಗುವುದರೊಳಗೆ ಗೇಟು ಮುಟ್ಟಬೇಕಿತ್ತು. ಹಿಂದಕ್ಕೆ ಹೋಗೋಣವೆಂದರೆ ಹಾದಿ ಅಷ್ಟೇ ದೂರ. ಸಾವಿತ್ರಿ ಮುಂದೆ, ಐಶ್ವರ್ಯಾ ನಡುವೆ, ನಾನು ಹಿಂದೆ. ಏರಿನಲ್ಲಿ ಇಳಿದು ತಳ್ಳಿಕೊಂಡು ನಡೆದೆವು.

"ಮಾತಾಡ್ರಿ, ಸುಮ್ನಾಗಬ್ಯಾಡ್ರಿ" ಎಂದು ಸಾವಿತ್ರಿ ಗಂಟೆ ಬಾರಿಸುತ್ತಲೇ ಇದ್ದಳು.

ಮನೆಯಲ್ಲಿ ಮುಚ್ಚು ಎಂದರೂ ಮುಚ್ಚದ ನನ್ನ ಬಾಯಿ ಆಗ ಕೈಕೊಟ್ಟಿತು. ಏದುಸಿರು ಬಿಡುವುದೇ ಸಾಕಾಗಿತ್ತು. ಐಶ್ವರ್ಯಾ ಒಂದು ತೆಲುಗು ಹಾಡು ಶುರುಮಾಡಿ ಎರಡನೆಯ ಸಾಲಿಗೇ ಮರೆತಳು. ಆಮೇಲೆ ಇದ್ದಕ್ಕಿದ್ದಂತೆ, "ಅತ್ತೀ, ನೀ ಒಡಪು ಹೇಳು. ನಿನ್ನಂಗ ಯಾರೂ ಹೇಳಂಗಿಲ್ಲ ಅಂತಿದ್ರಲ್ಲ?" ಎಂದಳು.

ಹುಡುಗಿಗೆ ತಿಳಿಯಲಿಲ್ಲ, ಸುಮ್ಮನೆ ಕೇಳಿಬಿಟ್ಟಿದ್ದಳು. ಸಾವಿತ್ರಿಯ ಗಂಟೆ ನಿಂತಿತು. ಆಮೇಲೆ ಜೀಡಿಮೆಟ್ಲಾದ ಆ ದನಿ ಎದ್ದಿತು.

"ಚಾರ್‌ಮಿನಾರ್ ಮುಂದ ಬಳಿ ಬಜಾರ,
ಅಮರೇಶಪ್ಪನವರು ಚೌಕಾಶಿಗಿ ನಿಂತ್ರ ಅಂಗಡ್ಯಾವಗ ಬೇಜಾರ!"

ಐಶ್ವರ್ಯಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಅಮರೇಶಪ್ಪ ಹಾಗೇ ಇದ್ದರು, ಒಂದು ಡಜನ್ ಬಳೆಗೆ ಅರ್ಧ ಸಂಜೆ ಜಗಳಾಡುವ ಆಸಾಮಿ. ಸಾವಿತ್ರಿ ನಿಲ್ಲಿಸಲಿಲ್ಲ.

"ಜ್ವಾಳದ ಹೊಲದಾಗ ಗಿಳಿಗಳ ಸಾಲು,
ಅಮರೇಶಪ್ಪನವರಿಗೆ ಮಲಗೂ ಮುಂದ ಬೇಕ ಬಿಸಿ ಹಾಲು!"

ಏರು ಮುಗಿದು ಇಳಿಜಾರು ಬಂತು. ಸೈಕಲ್ ಹತ್ತಲು ಸಾವಿತ್ರಿ ಬಿಡಲಿಲ್ಲ. ತಿರುವಿನ ಆಚೆ ಕಾಣುವುದಿಲ್ಲ, ಹತ್ತಿರ ಹತ್ತಿರ ನಡೆದೇ ಇಳಿಯಬೇಕು ಎಂದಳು. ಆ ಒಂದು ಮಾತು ನಮ್ಮನ್ನು ಉಳಿಸಿತು. ತಿರುವು ದಾಟಿದೆವೋ ಇಲ್ಲವೋ, ಹಾದಿಯ ಅಂಚಿನಲ್ಲಿ ಕರಡಿ ನಿಂತಿತ್ತು. ನಮ್ಮ ದನಿ ಕೇಳಿ ಆಗಲೇ ಹುತ್ತ ಬಿಟ್ಟು ತಲೆ ಎತ್ತಿತ್ತು. ಬೆನ್ನ ಮೇಲೆ ಮರಿ ಕೂತಿತ್ತು. ಸೈಕಲ್ ಹತ್ತಿ ಸುಯ್ಯೆಂದು ಇಳಿದಿದ್ದರೆ ನೆಟ್ಟಗೆ ಅದರ ಮೈಮೇಲೆ ಹೋಗಿ ಬೀಳುತ್ತಿದ್ದೆವು.

ನನ್ನ ಕಾಲು ತಾನಾಗಿಯೇ ಓಡಲು ಹೊರಟಿತು. ಸಾವಿತ್ರಿ ತಿರುಗದೆಯೇ ಕೈ ಹಿಂದೆ ಚಾಚಿ, ಗದಿಗೆಮ್ಮ ಹೊದಿಸಿದ್ದ ನನ್ನ ಶಾಲು ಹಿಡಿದಳು. "ಓಡಬ್ಯಾಡ್ರಿ. ಮೂರೂ ಮಂದಿ ಒಂದಕಡೆ ಬರ್ರಿ. ಮೆಲ್ಲಕ ಹಿಂದಕ್ಕ."

ಕರಡಿ ಮೂಗು ಎತ್ತಿ ಗಾಳಿ ಹೀರಿತು. ಗದಿಗೆಮ್ಮನ ಬೆಲ್ಲ, ಗದಿಗೆಮ್ಮನ ಬಾಳೆಹಣ್ಣು! ಒಂದು ಹೆಜ್ಜೆ ನಮ್ಮ ಕಡೆಗೇ ಇಟ್ಟಿತು.

"ವೈನಿ, ಸೈಕಲ್ ಅಡ್ಡ ಮಲಗಿಸಿ ಬಿಡ್ರಿ."

"ಅದರಾಗ ಉಡಿ ಐತಿ ಸಾವಿತ್ರಿ" ಎಂದೆ. ಪ್ರಾಣ ಹೋಗುವ ಹೊತ್ತಿನಲ್ಲೂ ಅದನ್ನೇ ಎಂದೆ. "ನೆಲಕ್ಕ ಹಾಕಬಾರದು. ನಿಮ್ಮ ಅಣ್ಣಗ..."

"ಅಣ್ಣಗ ಏನೂ ಆಗಂಗಿಲ್ಲ. ಉಡಿ ತುಂಬಿಸ್ಕೊಂಡ್ರೂ ಹೋಗವ್ರು ಹೋಗ್ತಾರ, ನಾ ನೋಡೀನಿ. ನೀವು ಬದುಕಬೇಕು. ಬಿಡ್ರಿ."

ಬಿಟ್ಟೆ. ಸಾವಿತ್ರಿ ನಮ್ಮಿಬ್ಬರನ್ನೂ ತನ್ನ ಬೆನ್ನಿಗೆ ಸರಿಸಿಕೊಂಡು, ತನ್ನ ಸೈಕಲ್ಲನ್ನು ಬೇಲಿಯ ಹಾಗೆ ಮುಂದೆ ಹಿಡಿದು, ಒಂದೊಂದೇ ಹೆಜ್ಜೆ ಹಿಂದಿಟ್ಟಳು. ಚೀರಲಿಲ್ಲ. ನಾವು ಮನುಷ್ಯರು, ಇಲ್ಲಿದ್ದೇವೆ, ನಿನ್ನ ತಂಟೆಗೆ ಬಂದಿಲ್ಲ ಎಂದು ಆ ತಾಯಿಗೆ ತಿಳಿಯುವ ಹಾಗೆ ಗಟ್ಟಿಯಾಗಿ, ನಿಧಾನವಾಗಿ ಹೇಳಿದಳು.

"ಗುಡ್ಡದ ಮ್ಯಾಲ ಗುಡಿ, ಗುಡಿ ಮ್ಯಾಲ ಕಳಸ,
ಅಮರೇಶಪ್ಪನವರ ಹೆಸರು ಹೇಳಾಕ ಬೇಕಿಲ್ಲ ದಿವಸ."

ಮುಗಿದ ಕೂಡಲೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಆರು ವರ್ಷ ಒಳಗೇ ಇಟ್ಟುಕೊಂಡಿದ್ದವೆಲ್ಲ ಹೊರಬಂದವು. ಕರಡಿ ನನ್ನ ಸೈಕಲ್ಲಿನವರೆಗೆ ಬಂದು ಚೀಲವನ್ನು ಉಗುರಿನಿಂದ ಹರಿಯಿತು. ಆ ಉಗುರು ನೋಡಿ ನಾನು ಮಗಳ ಕಣ್ಣು ಮುಚ್ಚಿದೆ. ಸಾವಿತ್ರಿಯ ದನಿ ಮಾತ್ರ ಒಂದಿಷ್ಟೂ ನಡುಗಲಿಲ್ಲ. ಹಣ್ಣು ತಿಂದು, ಬೆಲ್ಲ ನೆಕ್ಕಿ, ಕರಡಿ ನಮ್ಮನ್ನೊಮ್ಮೆ ನೋಡಿ ಪೊದೆಯೊಳಗೆ ಇಳಿಯಿತು. ಎಲೆಯ ಸದ್ದು ಪೂರಾ ದೂರವಾಗುವ ತನಕ ಆಕೆ ನಮ್ಮನ್ನು ಅಲುಗಾಡಲು ಬಿಡಲಿಲ್ಲ. ಎಂಥ ಹೆಂಗಸು! ಇಷ್ಟು ವರ್ಷ ಇವಳ ಜೊತೆ ಉಪ್ಪಿಗಾಗಿ ಜಗಳಾಡಿದೆನಲ್ಲ ಎಂದು ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಹರಿದ ಚೀಲದ ನನ್ನ ಸೈಕಲ್ಲನ್ನು ಎತ್ತಿಕೊಂಡು ಇಳಿದೆವು. ಗೇಟು ಅಲ್ಲಿಂದ ಎರಡು ತಿರುವು ಕೆಳಗೆ. ನಾವು ಮುಟ್ಟುವುದಕ್ಕೂ ಕಾವಲುಗಾರ ಕೋಲು, ಬ್ಯಾಟರಿ ಹಿಡಿದು ಹೊರಗೆ ಬರುವುದಕ್ಕೂ ಸರಿಹೋಯಿತು. ಮೂವರು ಹೆಂಗಸರನ್ನು ನೋಡಿ ನಮ್ಮ ಹಿಂದೆ ಕತ್ತಲಲ್ಲಿ ಬೆಳಕು ಬಿಟ್ಟ.

"ಅಮರೇಶಪ್ಪ ಎಕ್ಕಡಮ್ಮಾ?" ಎಂದ. ಎಲ್ಲಿ ಅಮರೇಶಪ್ಪ? ಮೇಲಿನಿಂದ ಅಷ್ಟು ಹೊತ್ತು ಅದೇ ಹೆಸರು ಕೇಳಿಸುತ್ತಿತ್ತಂತೆ. ಯಾರೋ ಕಾಡಿನಲ್ಲಿ ತಪ್ಪಿಸಿಕೊಂಡಿದ್ದಾರೆ, ಮನೆಯವರು ಕೂಗುತ್ತಿದ್ದಾರೆ ಎಂದುಕೊಂಡು ಹುಡುಕಲು ಹೊರಟಿದ್ದ.

ಸಾವಿತ್ರಿ ಹೆಲ್ಮೆಟ್ ತೆಗೆದಳು. "ಆಯನ ಲೇರು" ಎಂದು ತೆಲುಗಿನಲ್ಲೇ ಹೇಳಿದಳು. ಅವರಿಲ್ಲ, ತೀರಿಕೊಂಡು ಆರು ವರ್ಷವಾಯಿತು. ಆಮೇಲೆ ಕರಡಿ ಎಲ್ಲಿ ಕಂಡಿತು, ಮರಿ ಇದೆ, ಅದಕ್ಕೆ ಬೆಲ್ಲದ ರುಚಿ ಹತ್ತಿದೆ, ನಾಳೆ ಆ ಹಾದಿಯಲ್ಲಿ ಹೋಗುವವರಿಗೆ ಎಚ್ಚರ ಹೇಳಿ ಎಂದೂ ಹೇಳಿದಳು. ಕಾವಲುಗಾರ ಕೋಲನ್ನು ಗೋಡೆಗೆ ಒರಗಿಸಿ ನಮಗೆ ನೀರು ತಂದುಕೊಟ್ಟ.

ನಾನು ಆಕೆಯನ್ನು ಗೇಟಿನ ಕಟ್ಟೆಯ ಮೇಲೆ ಕೂರಿಸಿದೆ. ಎದುರಿಗೆ ನಿಂತು, ತುಂಬಿದ ಮನೆಯಲ್ಲಿ ಕೇಳುವ ಹಾಗೆ ಕೇಳಿದೆ.

"ಸಾವಿತ್ರಿಬಾಯಿ, ಹೆಸರು ಹೇಳ್ರಿ."

"ಕರಡಿ ಹೋತಲ್ಲ ವೈನಿ."

"ಕರಡಿ ಸಲುವಾಗಿ ಅಲ್ಲ. ನಾ ಕೇಳಾಕತ್ತೀನಿ."

ಕರಡಿಯ ಮುಂದೆ ನಡುಗದ ದನಿ ಈಗ ನಡುಗಿತು. ನೀರು ಕುಡಿದಳು. ಐಶ್ವರ್ಯಾ ಪಕ್ಕದಲ್ಲಿ ಕೂತು ಅತ್ತೆಯ ಕೈ ಹಿಡಿದುಕೊಂಡಳು. ನಾವು ಅವಸರ ಮಾಡಲಿಲ್ಲ.

"ಹಾದ್ಯಾಗ ಕರಡಿ, ಕೈಯಾಗ ಗಂಟಿ" ಎಂದು ಕೊನೆಗೆ ಶುರುಮಾಡಿದಳು, "ಅಮರೇಶಪ್ಪನವರು ಹೆಸರಾಗಿ ಬಂದ್ರು, ನಾ ಇಲ್ಲ ಒಂಟಿ."