ಉಪ್ಪು ನೋಡಿದ ಸೊಸೆ

ಅತ್ತೆ ರೇಷ್ಮೆ ಕಾರ್ಖಾನೆಯಲ್ಲಿ ನೂಲು ತೆಗೆಯುವವಳು. ಸೊಸೆ ಎದುರಿನ ಹೋಟೆಲಿನಲ್ಲಿ ಅಡುಗೆಯವಳು. ಇಬ್ಬರಿಗೂ ತಮ್ಮ ತಮ್ಮ ಕೈಕೆಲಸದ ಮೇಲೆ ಭಾರಿ ಹೆಮ್ಮೆ. ಮನೆಯಲ್ಲಿ ಜಗಳ ಅಂತ ಇದ್ದದ್ದು ಹುಳದ ವಿಷಯಕ್ಕೆ ಮಾತ್ರ.

ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ಬಿಚ್ಚಿದ ಮೇಲೆ ಒಳಗಿನ ಬೆಂದ ಹುಳ ಉಳಿಯುತ್ತದೆ. ಕಾರ್ಖಾನೆಯ ಹೆಂಗಸರು ಅಜ್ಜಿಯರ ಕಾಲದಿಂದಲೂ ಅದನ್ನು ಡಬ್ಬಿಯಲ್ಲಿ ಮನೆಗೆ ತಂದು ಹುರಿದು ತಿನ್ನುತ್ತಿದ್ದರು. ಅತ್ತೆ ಡಬ್ಬಿ ತೆರೆದರೆ ಸಾಕು, ಸೊಸೆ ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಿದ್ದಳು.

"ಇದನ್ನ ತಿಂದೇ ನಿನ್ನ ಗಂಡ ಆಳೆತ್ತರ ಬೆಳೆದಿದ್ದು ಕಣೇ."

"ಮದುವೆಗೆ ಮುಂಚೆ ಹೇಳ್ಬೇಕಿತ್ತು ಅತ್ತೆ."

ಒಂದು ದಿನ ಕುದಿನೀರು ಚೆಲ್ಲಿ ಅತ್ತೆಯ ಬಲಗೈ ಸುಟ್ಟಿತು. ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಕೂತವಳಿಗೆ ಏನು ಮಾಡಿಕೊಟ್ಟರೂ ಬಾಯಿಗೆ ಸೇರಲಿಲ್ಲ. ನೋಡಲು ಬಂದ ಗೆಳತಿಯೊಬ್ಬಳು ಹುಳದ ಡಬ್ಬಿ ಇಟ್ಟುಹೋದಳು. ಅತ್ತೆ ಡಬ್ಬಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು, ಬಾಯಿಬಿಟ್ಟು ಕೇಳಲಿಲ್ಲ. ಕೇಳದೇ ಇದ್ದದ್ದೇ ಸೊಸೆಗೆ ಚುಚ್ಚಿತು.

"ಹೇಗೆ ಮಾಡೋದು, ಹೇಳಿ," ಎಂದು ಬಾಣಲೆ ಎತ್ತಿದಳು.

"ಮೊದಲು ಬಟ್ಟೇಲಿ ಒತ್ತಿ ನೀರು ತೆಗಿ, ಇಲ್ಲಾಂದ್ರೆ ಎಣ್ಣೆ ಮುಖಕ್ಕೆ ಹಾರತ್ತೆ. ಉರಿ ಸಣ್ಣಗಿರಲಿ. ಗಲಗಲ ಅನ್ನೋ ತನಕ ಕೈಯಾಡಿಸ್ತಾ ಇರು."

ಗಲಗಲ ಅಂದಿತು. ಉಪ್ಪು, ಮೆಣಸಿನಪುಡಿ ಉದುರಿಸಿ, ಇನ್ನೇನು ತಟ್ಟೆಗೆ ಸುರಿಯಬೇಕು, ಅವಳ ಕೈ ನಿಂತಿತು. ರುಚಿ ನೋಡದೆ ಒಂದು ತಟ್ಟೆಯನ್ನೂ ಹೊರಗೆ ಕಳಿಸಿದವಳಲ್ಲ ಅವಳು. ಕಣ್ಣು ಮುಚ್ಚಿ ಒಂದನ್ನು ಬಾಯಿಗೆ ಹಾಕಿಕೊಂಡಳು. ಹೊರಗೆ ಗರಿಗರಿ, ಒಳಗೆ ಬೆಣ್ಣೆಯ ಹಾಗೆ ಮೆತ್ತಗೆ, ಹುರಿದ ಕಡಲೆಕಾಯಿಯ ಘಮ. ಇನ್ನೊಂದು ತಿಂದಳು. ಆಮೇಲೆ ಮತ್ತೊಂದು.

"ಉಪ್ಪು ನೋಡ್ತಿದೀಯೋ, ಊಟ ಮುಗಿಸ್ತಿದೀಯೋ?" ಒಳಗಿನಿಂದ ಅತ್ತೆ.

"ಇದಕ್ಕೆ ಬೆಳ್ಳುಳ್ಳಿ ಬೇಕು."

"ನಮ್ಮಮ್ಮ ಯಾವತ್ತೂ ಹಾಕಿಲ್ಲ!"

"ನಾನು ಹಾಕ್ತೀನಿ."

ಅತ್ತೆ ಗೊಣಗುತ್ತಲೇ ತಿಂದು, ಖಾಲಿ ತಟ್ಟೆಯನ್ನು ಮತ್ತೆ ಮುಂದೆ ಚಾಚಿದಳು.

ಮರುವಾರ ಸೊಸೆ ಹೋಟೆಲ್ ಯಜಮಾನನ ಮುಂದೆ ನಿಂತು, ಹುಳ ಹುರಿದು ಮಾರೋಣ ಎಂದಳು. ಅವನು ಹೌಹಾರಿದ. "ಹುಳಾನಾ? ಗಿರಾಕಿಗಳು ಎದ್ದು ಓಡ್ತಾರಮ್ಮ!"

"ಓಡೋರು ಓಡ್ಲಿ. ಎದುರಿಗೇ ಅಷ್ಟು ದೊಡ್ಡ ಕಾರ್ಖಾನೆ ಇದೆ, ಅಲ್ಲಿಯವರು ಒಬ್ಬರೂ ನಮ್ಮಲ್ಲಿಗೆ ಬರಲ್ಲ. ಅವರಿಗೆ ಬೇಕಾದ್ದನ್ನ ನಾವು ಮಾಡಿದ್ರೆ ತಾನೇ? ಒಂದು ದಿನ ನನಗೆ ಬಿಡಿ."

ಅವಳೇ ಹಲಗೆಯ ಮೇಲೆ 'ಹುರಿದ ರೇಷ್ಮೆ ಹುಳ' ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಇಬ್ಬರು ಗಂಡಸರು ಓದಿ, ಮುಖ ಸಿಂಡರಿಸಿ ಎದ್ದುಹೋದರು. ಮಧ್ಯಾಹ್ನದ ಸೈರನ್ ಕೂಗಿದ್ದೇ ತಡ, ನೂಲಿನ ಹೆಂಗಸರು ಗುಂಪಾಗಿ ಒಳಗೆ ಬಂದರು. ಹಿರಿಯಳೊಬ್ಬಳು ಬೆಳ್ಳುಳ್ಳಿಯನ್ನು ಬೈದು, ಎರಡನೆಯ ತಟ್ಟೆ ತರಿಸಿಕೊಂಡಳು. ಯಜಮಾನ ತಾನೇ ಬಡಿಸಲು ನಿಂತ.

ಅತ್ತೆ ಬರುವ ಹೊತ್ತಿಗೆ ಕೂರಲು ಜಾಗವೇ ಇರಲಿಲ್ಲ. ಅವಳು ನೇರ ಅಡುಗೆಮನೆಗೆ ನುಗ್ಗಿ ಬಾಣಲೆಯೊಳಗೆ ಬಗ್ಗಿ ನೋಡಿದಳು.

"ಉರಿ ಜಾಸ್ತಿ ಆಯ್ತಲ್ಲೇ!"

"ಅತ್ತೆ, ಇಲ್ಲಿ ನಾನು ಹೇಳಿದ ಹಾಗೆ. ಕೂತ್ಕೊಳ್ಳಿ."

ಅತ್ತೆ ಬಿದ್ದು ಬಿದ್ದು ನಕ್ಕು ಅಕ್ಕಿ ಮೂಟೆಯ ಮೇಲೆ ಕೂತಳು. ಸೊಸೆ ಅವಳ ಎಡಗೈಗೆ ಬಿಸಿ ತಟ್ಟೆ ಕೊಟ್ಟು, ಮುಂದಿನ ಗಿರಾಕಿಯ ಕಡೆ ತಿರುಗಿದಳು.